ಲೂಯೀಸ್ ಫರಾಂಕ್: ಮೆಚ್ಚಿಕೊಂಡರು, ಅಚ್ಚು ಹಾಕಲಿಲ್ಲ

1849ರ ಏಪ್ರಿಲ್ 22ರಂದು ಪ್ಯಾರಿಸ್ ಕನ್ಸರ್ವೇಟರಿ ಎಂಬ ಸಂಗೀತ ವಿದ್ಯಾಲಯದ ಸಂಗೀತ ಕಛೇರಿಯಲ್ಲಿ ಎರಡು ಸಿಂಫನಿಗಳಿದ್ದವು, ಅಂದರೆ ಇಡೀ ವಾದ್ಯವೃಂದಕ್ಕೆಂದು ಬರೆದ ಎರಡು ದೀರ್ಘ ಕೃತಿಗಳು. ಒಂದು ಬೀಥೋವನ್‌ನ ಐದನೆಯದು. ಇನ್ನೊಂದು ಜಿ ಮೈನರ್ ಶ್ರುತಿಯ ಹೊಸ ಸಿಂಫನಿ. ಅದನ್ನು ಬರೆದವರು ಅದೇ ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ಪಿಯಾನೊ ಕಲಿಸುತ್ತಿದ್ದ 44 ವರ್ಷದ ಲೂಯೀಸ್ ಫರಾಂಕ್. ನುಡಿಸಿದ್ದು ಸೊಸಿಯೆತೆ ದೆ ಕೊನ್ಸೇರ್ ವಾದ್ಯವೃಂದ, ನಡೆಸಿದವರು ನಾರ್ಸಿಸ್ ಗಿರಾರ್. ಆಗಿನ ಯುರೋಪಿನಲ್ಲಿ ಸಿಂಫನಿ ಬರೆದವರಿಗೆ ಇದಕ್ಕಿಂತ ದೊಡ್ಡ ವೇದಿಕೆ ಹೆಚ್ಚೇನೂ ಇರಲಿಲ್ಲ.

ಇಷ್ಟಾಗಿಯೂ ಆ ಸಿಂಫನಿ ಅವರ ಜೀವಮಾನದಲ್ಲಿ ಅಚ್ಚಾಗಲಿಲ್ಲ. ಮೊದಲಿನ ಎರಡು ಸಿಂಫನಿಗಳ ಗತಿಯೂ ಅದೇ. ಮೂರರ ಹಸ್ತಪ್ರತಿಗಳೂ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ಸೇರಿ, ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಹೆಚ್ಚುಕಡಿಮೆ ಅಲ್ಲೇ ಉಳಿದವು. ಮಹಿಳಾ ಸಂಯೋಜಕರ ಬಗ್ಗೆ ಮಾತು ಬಂದಾಗ ‘ಯಾರೂ ಅವಕಾಶ ಕೊಡಲಿಲ್ಲ, ಯಾರೂ ಗುರುತಿಸಲಿಲ್ಲ’ ಎಂದು ಹೇಳಿ ಮುಗಿಸುವುದು ರೂಢಿ. ಫರಾಂಕ್ ವಿಷಯದಲ್ಲಿ ಆ ಮಾತು ಹೊಂದುವುದಿಲ್ಲ. ಅವರಿಗೆ ಹುದ್ದೆ ಸಿಕ್ಕಿತು, ಪ್ರಶಸ್ತಿ ಸಿಕ್ಕಿತು, ದೊಡ್ಡವರ ಮೆಚ್ಚುಗೆ ಸಿಕ್ಕಿತು. ಸಿಗದೆ ಹೋದದ್ದು ವಾದ್ಯಗಾರರ ಮುಂದಿನ ಸ್ಟ್ಯಾಂಡಿನ ಮೇಲೆ ಇಡುವ ಕಾಗದ. ಅದೊಂದು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಅವರ ಬದುಕನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಅವರು ಹುಟ್ಟಿದ್ದು 1804ರ ಮೇ 31ರಂದು, ಪ್ಯಾರಿಸ್ಸಿನ ಶಿಲ್ಪಿಗಳ ಮನೆತನದಲ್ಲಿ. ತವರಿನ ಹೆಸರು ಜಾನ್ ಲೂಯೀಸ್ ದ್ಯುಮೋಂ. ತಂದೆ ಜಾಕ್ ಎದ್ಮ್ ದ್ಯುಮೋಂ ಶಿಲ್ಪಿ, ಅಣ್ಣ ಓಗ್ಯುಸ್ತ್ ಕೂಡ ಶಿಲ್ಪಿಯೇ. ಸರ್ಕಾರ ಕಲಾವಿದರಿಗೆಂದು ಸೊರ್ಬಾನ್‌ನಲ್ಲಿ ಕೊಟ್ಟಿದ್ದ ವಸತಿಯಲ್ಲಿ ಇವರ ಸಂಸಾರವಿತ್ತು. ಅಕ್ಕಪಕ್ಕದ ಮನೆಗಳಲ್ಲೆಲ್ಲ ಚಿತ್ರ, ಶಿಲ್ಪ, ಸಂಗೀತ. ಹುಡುಗಿಗೆ ಪಿಯಾನೊ ಪಾಠ ಚಿಕ್ಕಂದಿನಲ್ಲೇ ಶುರುವಾಯಿತು. ಮುಂದೆ ಆ ಕಾಲದ ಹೆಸರಾಂತ ಪಿಯಾನೊ ವಾದಕರಾದ ಮೊಶೆಲೆಸ್ ಮತ್ತು ಹುಮ್ಮೆಲ್ ಇಬ್ಬರಿಂದಲೂ ಪಾಠವಾಯಿತು.

ಸಂಯೋಜನೆಯ ಪಾಠ ಮಾತ್ರ ಅಷ್ಟು ಸಲೀಸಾಗಿ ದಕ್ಕಲಿಲ್ಲ. ಕನ್ಸರ್ವೇಟರಿಯ ಸಂಯೋಜನಾ ತರಗತಿಗೆ ಆಗ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಅಲ್ಲಿ ಆ ವಿಷಯ ಕಲಿಸುತ್ತಿದ್ದವರು ಬೀಥೋವನ್‌ನ ಗೆಳೆಯರಾಗಿದ್ದ ಅಂತೋನ್ ರೈಖಾ. ಹದಿನೈದರ ಲೂಯೀಸ್ ಅದೇ ರೈಖಾ ಬಳಿ ಖಾಸಗಿಯಾಗಿ ಕಲಿತರು. ಪಾಠ ಅದೇ, ಗುರುವೂ ಅವರೇ. ತರಗತಿಯ ಬಾಗಿಲು ಮಾತ್ರ ಮುಚ್ಚಿತ್ತು. ಇದರಿಂದ ಆದ ನಷ್ಟ ವಿದ್ಯೆಯದಲ್ಲ, ಪದವಿ ಮತ್ತು ಸ್ಪರ್ಧೆಯದು. ಅಣ್ಣ ಓಗ್ಯುಸ್ತ್ 1823ರಲ್ಲಿ ಶಿಲ್ಪಕಲೆಗೆ ಪ್ರೀ ದ ರೋಮ್ ಗೆದ್ದು, ಸರ್ಕಾರದ ಖರ್ಚಿನಲ್ಲಿ ರೋಮ್‌ಗೆ ಹೋದರು. ಸಂಗೀತಕ್ಕೂ ಅದೇ ಹೆಸರಿನ ಪ್ರಶಸ್ತಿ ಇತ್ತು, ಆದರೆ ಹೆಂಗಸರು ಅದಕ್ಕೆ ಸ್ಪರ್ಧಿಸಲು ಅವಕಾಶ ಸಿಕ್ಕಿದ್ದು 1903ರಲ್ಲಿ. ಬಾಸ್ತಿಯ್ ಚೌಕದ ಕಂಬದ ತುದಿಯಲ್ಲಿ ಹೊಳೆಯುವ ಚಿನ್ನದ ಬಣ್ಣದ ಪ್ರತಿಮೆ ಈ ಅಣ್ಣನದೇ ಕೆಲಸ. ಪ್ಯಾರಿಸ್‌ಗೆ ಹೋದವರು ತಲೆಯೆತ್ತಿದರೆ ಅದು ಕಾಣುತ್ತದೆ. ತಂಗಿಯ ಕೆಲಸ ಕಿವಿಗೆ ಬೀಳಬೇಕಾದರೆ ಅಷ್ಟು ಸಾಲುತ್ತಿರಲಿಲ್ಲ.

1821ರಲ್ಲಿ, ಹದಿನೇಳನೆಯ ವಯಸ್ಸಿಗೆ, ಮದುವೆ. ಗಂಡ ಆರಿಸ್ತಿದ್ ಫರಾಂಕ್ ಮಾರ್ಸೇಯಿನಿಂದ ಬಂದ ಕೊಳಲು ವಾದಕ. ಸ್ವಲ್ಪ ಕಾಲದಲ್ಲೇ ಆತ ಸಂಗೀತ ಪ್ರಕಾಶನ ಆರಂಭಿಸಿ ಹುಮ್ಮೆಲ್, ಬೀಥೋವನ್ ಕೃತಿಗಳನ್ನು ಫ್ರಾನ್ಸಿನಲ್ಲಿ ಹೊರತಂದ. ಹೆಂಡತಿಯ ಪಿಯಾನೊ ಕೃತಿಗಳೂ ಅಲ್ಲೇ ಅಚ್ಚಾದವು. ಹೆಂಡತಿ ಬರೆಯುವುದನ್ನು ನಿಲ್ಲಿಸಬಾರದು, ಬರೆದದ್ದು ಹೊರಗೆ ಬರಬೇಕು ಎಂದು ಪಟ್ಟುಹಿಡಿದ ಗಂಡ ಆ ಶತಮಾನದಲ್ಲಿ ಅಪರೂಪ; ಆತನಿಗೆ ಸಲ್ಲಬೇಕಾದ ಶ್ರೇಯಸ್ಸು ಸಲ್ಲಲೇಬೇಕು. ಹೀಗೆ ಅಚ್ಚಾದ ರಷ್ಯನ್ ಹಾಡೊಂದರ ಮೇಲಿನ ವೇರಿಯೇಷನ್‌ಗಳು, ಅಂದರೆ ಒಂದೇ ರಾಗದ ಬಗೆಬಗೆಯ ರೂಪಗಳು (ಕೃತಿ ಸಂಖ್ಯೆ 17), ಲೈಪ್ಜಿಗ್ ತಲುಪಿದವು. 1836ರಲ್ಲಿ ಜರ್ಮನ್ ಸಂಯೋಜಕ ರಾಬರ್ಟ್ ಶೂಮನ್ ತಮ್ಮ ಪತ್ರಿಕೆಯಲ್ಲಿ ಅವನ್ನು ಮೆಚ್ಚಿ ಬರೆದರು. ಶೂಮನ್‌ಗೆ ಅವು ಸಿಕ್ಕಿದ್ದು ಹೇಗೆ? ಅಚ್ಚಾಗಿದ್ದವು, ಅಂಗಡಿಗೆ ಬಂದಿದ್ದವು, ಒಬ್ಬರೇ ಕೂತು ನುಡಿಸಿ ನೋಡಬಹುದಿತ್ತು. ಮುಂದಿನದನ್ನು ಓದುವಾಗ ಈ ಮೂರು ಸಂಗತಿ ನೆನಪಿನಲ್ಲಿರಲಿ.

ಕೃತಿ ಸಂಖ್ಯೆ 26, ಅಂದರೆ ಎಲ್ಲ ಮೇಜರ್ ಮತ್ತು ಮೈನರ್ ಶ್ರುತಿಗಳಲ್ಲೂ ಬರೆದ 30 ಪಿಯಾನೊ ಅಭ್ಯಾಸಗಳು, 1845ರಲ್ಲಿ ಕನ್ಸರ್ವೇಟರಿಯ ಪಠ್ಯವಾಯಿತು. ಅಷ್ಟರಲ್ಲಿ ಅವರು ಅಲ್ಲಿ ಪ್ರಾಧ್ಯಾಪಕಿಯಾಗಿ ಮೂರು ವರ್ಷ ಕಳೆದಿತ್ತು: 1842ರಲ್ಲಿ ನೇಮಕ, ಅಲ್ಲಿಂದ 30 ವರ್ಷ ಸೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಸಂಸ್ಥೆಯಲ್ಲಿ ವಾದ್ಯಸಂಗೀತಕ್ಕೆ ಆ ದರ್ಜೆಯ ಕಾಯಂ ಹುದ್ದೆ ಹೆಂಗಸರಿಗೆ ಸಿಗುತ್ತಿದ್ದುದು ತೀರ ಅಪರೂಪ.

ಇನ್ನು ಸಿಂಫನಿಯ ವಿಷಯ. 1834ರಲ್ಲಿ ಎರಡು ಓವರ್ಚರ್ (ವಾದ್ಯವೃಂದಕ್ಕೆ ಬರೆಯುವ ಚಿಕ್ಕ ಕೃತಿ) ಬರೆದು ದೊಡ್ಡ ವಾದ್ಯವೃಂದಕ್ಕೆ ಕೈಹಾಕಿದರು. ಎರಡನೆಯದನ್ನು 1840ರಲ್ಲಿ ಕೇಳಿದ ಸಂಯೋಜಕ ಬೆರ್ಲಿಯೋಜ್, ಬರವಣಿಗೆ ಚೆನ್ನಾಗಿದೆ, ವಾದ್ಯಗಳ ಜೋಡಣೆಯಲ್ಲಿ ಹೆಂಗಸರಲ್ಲಿ ಅಪರೂಪವಾದ ಪ್ರತಿಭೆಯಿದೆ ಎಂದು ಬರೆದರು. ಹೊಗಳಿಕೆಯೊಳಗೇ ಒಂದು ಮಿತಿ ಹಾಕಿದ ಮಾತದು, ಆದರೂ ವಾದ್ಯಜೋಡಣೆಯಲ್ಲಿ ಆ ಕಾಲದ ಅತಿ ಸೂಕ್ಷ್ಮ ಕಿವಿ ಬೆರ್ಲಿಯೋಜ್‌ನದೇ ಆಗಿತ್ತು. ಆಮೇಲೆ 1841ರಲ್ಲಿ ಸಿ ಮೈನರ್‌ನ ಮೊದಲ ಸಿಂಫನಿ, 1845ರಲ್ಲಿ ಡಿ ಮೇಜರ್‌ನ ಎರಡನೆಯದು, 1847ರಲ್ಲಿ ಜಿ ಮೈನರ್‌ನ ಮೂರನೆಯದು. ಮೊದಲನೆಯದನ್ನು ಮೊದಲು ನುಡಿಸಿದ್ದು ಪ್ಯಾರಿಸ್ ಅಲ್ಲ, ಬ್ರಸೆಲ್ಸ್. ಅದೂ ಬರೆದು ನಾಲ್ಕು ವರ್ಷಕ್ಕೆ, 1845ರಲ್ಲಿ, ಅಲ್ಲಿನ ಕನ್ಸರ್ವೇಟರಿಯ ಮುಖ್ಯಸ್ಥ ಫೆತಿಸ್ ಮುತುವರ್ಜಿಯಿಂದ.

ಸಿಂಫನಿಯೊಂದು ಬರೆದವರ ಮೇಜಿನಿಂದ ಕೇಳುವವರ ಕಿವಿಗೆ ತಲುಪಲು ಏನೇನು ಬೇಕಿತ್ತು ಎಂದು ಲೆಕ್ಕ ಹಾಕೋಣ. ಮೂರನೆಯ ಸಿಂಫನಿಗೆ ಕೊಳಲು, ಓಬೊ, ಕ್ಲಾರಿನೆಟ್, ಬಸೂನ್, ಹಾರ್ನ್ ಎರಡೆರಡು; ಒಂದು ಜೋಡಿ ಟಿಂಪನಿ; ಉಳಿದದ್ದು ತಂತಿವಾದ್ಯ. ಟ್ರಂಪೆಟ್ ಇಲ್ಲ. ಸಂಯೋಜಕರು ಬರೆಯುವುದು ಎಲ್ಲ ವಾದ್ಯಗಳೂ ಒಂದರ ಕೆಳಗೊಂದು ಇರುವ ಪೂರ್ಣ ಸ್ವರಲಿಪಿ. ವಾದಕರಿಗೆ ಅದರಿಂದ ಉಪಯೋಗವಿಲ್ಲ. ಪ್ರತಿಯೊಬ್ಬರಿಗೂ ಅವರವರ ವಾದ್ಯದ ಬಿಡಿ ಪ್ರತಿ ಬೇಕು. ಊದುವ ವಾದ್ಯಗಳಿಗೆ ಹತ್ತು, ಟಿಂಪನಿಗೆ ಒಂದು. ತಂತಿವಾದ್ಯದಲ್ಲಿ ಒಂದು ಸ್ಟ್ಯಾಂಡಿಗೆ ಇಬ್ಬರು. ಮೊದಲ ಪಿಟೀಲು 12, ಎರಡನೆಯ ಪಿಟೀಲು 10, ವಿಯೋಲ 8, ಚೆಲ್ಲೊ 6, ಡಬಲ್ ಬಾಸ್ 4 ಜನ ಎಂದಿಟ್ಟುಕೊಂಡರೆ 20 ಪ್ರತಿ. ಒಟ್ಟು 31. ಅರ್ಧ ಗಂಟೆಗೂ ಮಿಕ್ಕಿದ ಸಂಗೀತವನ್ನು 31 ಪುಸ್ತಕಗಳಲ್ಲಿ ಕೈಯಿಂದ ಇಳಿಸಬೇಕು. ನಕಲುಗಾರರಿಗೆ ಕೂಲಿ ಕೊಡಬೇಕು, ಇಳಿಸಿದ್ದನ್ನೆಲ್ಲ ಮೂಲದ ಜೊತೆ ಹೋಲಿಸಿ ತಿದ್ದಬೇಕು.

ತಪ್ಪು ನುಸುಳುವುದು ಎಲ್ಲಿ ಎಂಬುದು ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ಬಿ-ಫ್ಲ್ಯಾಟ್ ಕ್ಲಾರಿನೆಟ್ಟಿನಲ್ಲಿ ಬರೆದದ್ದಕ್ಕಿಂತ ಒಂದು ಪೂರ್ತಿ ಸ್ವರ ಕೆಳಗೆ ನಾದ ಹೊರಡುತ್ತದೆ. ಹಾಗಾಗಿ ಉಳಿದವರು ಜಿ ಮೈನರ್‌ನಲ್ಲಿ, ಎರಡು ಫ್ಲ್ಯಾಟ್ (ಸ್ವರವನ್ನು ಅರ್ಧ ಮೆಟ್ಟಿಲು ಇಳಿಸುವ) ಗುರುತಿಟ್ಟುಕೊಂಡು ನುಡಿಸುವಾಗ ಕ್ಲಾರಿನೆಟ್ಟಿನ ಪ್ರತಿ ಎ ಮೈನರ್‌ನಲ್ಲಿರುತ್ತದೆ, ಅದಕ್ಕೆ ಯಾವ ಗುರುತೂ ಬೇಡ. ನಕಲುಗಾರನ ಕಣ್ಣು ಒಂದು ಸಾಲು ಜಾರಿದರೆ ಪಕ್ಕದ ವಾದ್ಯದ ಸ್ವರ ಇಲ್ಲಿ ಬಂದು ಕೂರುತ್ತದೆ, ಅಭ್ಯಾಸದ ದಿನ ಕರ್ಕಶ ಕೇಳಿದಾಗಲೇ ಗೊತ್ತಾಗುವುದು. ಇದಕ್ಕಿಂತ ಕೆಟ್ಟದ್ದು ಮೌನದ ಲೆಕ್ಕ. ಹಾರ್ನ್ ಮತ್ತು ಟಿಂಪನಿಗೆ ಹತ್ತಾರು ಆವರ್ತ ಬಿಡುವಿರುತ್ತದೆ. 23 ಎಂದು ಬರೆಯಬೇಕಾದಲ್ಲಿ 22 ಬರೆದರೆ ಆ ವಾದಕ ಒಂದು ಆವರ್ತ ಮುಂಚೆಯೇ ನುಗ್ಗುತ್ತಾನೆ. ಪ್ಯಾರಿಸ್ಸಿನಲ್ಲಿ ಆಗ ವಾಲ್ವ್ ಇಲ್ಲದ ಹಾರ್ನೇ ಹೆಚ್ಚು ಬಳಕೆಯಲ್ಲಿತ್ತು. ಅದರಲ್ಲಿ ಸಹಜವಾಗಿ ಹೊರಡುವ ಸ್ವರಗಳೇ ಕೆಲವು, ಉಳಿದವನ್ನು ವಾದ್ಯದ ಬಾಯಿಗೆ ಕೈಯಿಟ್ಟು ಹೊರಡಿಸಬೇಕು. ಮೈನರ್ ಶ್ರುತಿಯಲ್ಲಿ ಬರೆಯುವವರು ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ರೈಖಾ ಬಳಿ ಕಲಿತದ್ದು ಫರಾಂಕ್ ಅವರಿಗೆ ಇಲ್ಲೆಲ್ಲ ಕೈಹಿಡಿದಿದೆ.

ಇಷ್ಟು ಮಾಡಿದರೆ ಒಂದು ಕಛೇರಿಗಾಯಿತು. ಬೇರೆ ಊರಿನವರು ನುಡಿಸಬೇಕೆಂದರೆ ಆ ಒಂದೇ ಕಟ್ಟನ್ನು ಕಳಿಸಬೇಕು, ಅದು ಹಿಂದಿರುಗಿ ಬರುವವರೆಗೆ ಇಲ್ಲಿ ನುಡಿಸುವಂತಿಲ್ಲ. ಕೃತಿ ತನ್ನ ಕಾಲ ಮೇಲೆ ತಾನು ಊರೂರು ತಿರುಗಬೇಕಾದರೆ ಅಚ್ಚಾಗಲೇಬೇಕು. ಆಗಿನ ಸಂಗೀತದ ಅಚ್ಚೆಂದರೆ ಮೆದು ಲೋಹದ ತಗಡಿನ ಮೇಲಿನ ಕೆತ್ತನೆ. ಕೆತ್ತುವವನು ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಮಾಡಬೇಕು. ಐದು ಹಲ್ಲಿನ ಉಪಕರಣವನ್ನು ಎಳೆದು ಐದು ಗೆರೆ ಮೂಡಿಸುವುದು, ಸ್ವರದ ತಲೆಗಳನ್ನು ಉಕ್ಕಿನ ಮೊಳೆಯಚ್ಚಿಟ್ಟು ಸುತ್ತಿಗೆಯಿಂದ ಹೊಡೆಯುವುದು, ಕಡ್ಡಿ ಮತ್ತು ಕಮಾನುಗಳನ್ನು ಉಳಿಯಿಂದ ಕೊರೆಯುವುದು. ತಪ್ಪಾದರೆ ತಗಡನ್ನು ಹಿಂಬದಿಯಿಂದ ಬಡಿದು ಸಮ ಮಾಡಿ ಮತ್ತೆ ಹೊಡೆಯಬೇಕು. ಒಂದು ಪುಟಕ್ಕೆ ಒಂದು ತಗಡು. ಪಿಯಾನೊ ವೇರಿಯೇಷನ್‌ಗೆ ಹತ್ತು ಹನ್ನೆರಡು ತಗಡು ಸಾಕಾದೀತು, ಮಗಳಿಗೆ ಪಿಯಾನೊ ಕಲಿಸುವ ಮನೆಗಳೆಲ್ಲ ಅದಕ್ಕೆ ಗಿರಾಕಿ. ಸಿಂಫನಿಗೆ ನೂರಕ್ಕೂ ಹೆಚ್ಚು ತಗಡು, ಕೊಳ್ಳುವ ವಾದ್ಯವೃಂದಗಳು ಬೆರಳೆಣಿಕೆ. ಅದರಲ್ಲೂ ಫ್ರಾನ್ಸಿನಲ್ಲಿ ಹಣ, ಹೆಸರು ಎರಡೂ ಆಪೆರಾ ಕಡೆಗಿತ್ತು. ಸಿಂಫನಿ ಬೇಕೆನ್ನುವವರು ಬೀಥೋವನ್, ಹೈಡನ್ ನುಡಿಸಿ ತೃಪ್ತರಾಗುತ್ತಿದ್ದರು.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಫರಾಂಕ್ ಸಿಂಫನಿಗಳತ್ತ ಹೊರಳಿದ 1840ರ ದಶಕದಲ್ಲಿ ಆರಿಸ್ತಿದ್ ಪ್ರಕಾಶನದ ವ್ಯಾಪಾರದಿಂದ ಹಿಂದೆ ಸರಿದು ಹಳೆಯ ಸಂಗೀತದ ಸಂಶೋಧನೆಯಲ್ಲಿ ಮುಳುಗಿದ್ದ. ಅತಿ ಹೆಚ್ಚು ತಗಡು ಬೇಡುವ ಕೃತಿಗಳು ಹುಟ್ಟುವ ಹೊತ್ತಿಗೆ ಮನೆಯ ಅಚ್ಚೇ ನಿಂತಿತ್ತು. ಹೊರಗಿನ ಪ್ರಕಾಶಕರ ಬಗ್ಗೆ ಫೆತಿಸ್ ಖಾರವಾಗಿಯೇ ಬರೆದಿದ್ದಾರೆ: ಕೇಳುಗರು ಕೃತಿಯ ಯೋಗ್ಯತೆಯನ್ನು ಅಳೆಯುವುದು ಬರೆದವರ ಹೆಸರಿನಿಂದ, ಹೆಸರು ಗೊತ್ತಿಲ್ಲದಿದ್ದರೆ ಕಿವಿ ತೆರೆಯುವುದಿಲ್ಲ, ಫ್ರಾನ್ಸಿನ ಪ್ರಕಾಶಕರಂತೂ ಒಳ್ಳೆಯ ಕೃತಿ ತಂದವರ ಮಾತಿಗೇ ಕಿವಿ ಮುಚ್ಚಿಕೊಳ್ಳುತ್ತಾರೆ, ಫರಾಂಕ್ ಎದೆಗುಂದಿದ್ದು ಇದರಿಂದಲೇ. ಹತ್ತಿರದಿಂದ ಕಂಡವರ ಮಾತಿದು, ಒಪ್ಪದಿರಲು ಕಾರಣವಿಲ್ಲ. ಅವರ ಪಿಯಾನೊ ಕೃತಿಗಳು, ಪಿಯಾನೊ ಸೇರಿ ಐದು ವಾದ್ಯಕ್ಕೆ ಬರೆದ ಎರಡು ಕ್ವಿಂಟೆಟ್, ಮೂರು ವಾದ್ಯದ ಟ್ರಿಯೊಗಳು ಅಚ್ಚು ಕಂಡವು. ಮೂರು ಸಿಂಫನಿ, ಒಂಬತ್ತು ವಾದ್ಯದ ನೊನೆಟ್, ಆರು ವಾದ್ಯದ ಸೆಕ್ಸ್‌ಟೆಟ್ ಹಸ್ತಪ್ರತಿಯಲ್ಲೇ ಉಳಿದವು. ವಾದ್ಯ ಹೆಚ್ಚಿದಷ್ಟೂ ಅಚ್ಚಿನ ಸಾಧ್ಯತೆ ಕಡಿಮೆಯಾಗುತ್ತಾ ಹೋಯಿತು.

ಕನ್ನಡದವರಿಗೆ ಇದು ತುಸು ವಿಚಿತ್ರ ಎನಿಸಬಹುದು. ಅದೇ ಶತಮಾನದಲ್ಲಿ ನಮ್ಮ ಹರಪನಹಳ್ಳಿ ಭೀಮವ್ವ ‘ಭೀಮೇಶಕೃಷ್ಣ’ ಅಂಕಿತದಲ್ಲಿ ಹಾಡು ಕಟ್ಟಿದರು. ಅವು ಅಚ್ಚಿಗಾಗಿ ಕಾಯಲಿಲ್ಲ. ಹೆಂಗಸರ ಬಾಯಿಂದ ಬಾಯಿಗೆ, ಕೈಬರಹದ ಹಾಡಿನ ಪುಸ್ತಕದಿಂದ ಪುಸ್ತಕಕ್ಕೆ ದಾಟಿ ಉಳಿದುಕೊಂಡವು. ಒಬ್ಬ ಗಾಯಕಿ ನೆನಪಿನಲ್ಲಿಟ್ಟುಕೊಂಡರೆ ಹಾಡು ಬದುಕುತ್ತದೆ. ಸಿಂಫನಿಗೆ ಆ ದಾರಿ ಇಲ್ಲ. ಐವತ್ತು ಜನ ಒಟ್ಟಿಗೆ ಕೂತು, ಒಬ್ಬೊಬ್ಬರೂ ಬೇರೆಬೇರೆ ಪುಟ ಮುಂದಿಟ್ಟುಕೊಂಡರೆ ಮಾತ್ರ ಅದು ಇದೆ. ಉಳಿದ ಸಮಯ ಅದು ಕಪಾಟಿನಲ್ಲಿ ಕಾಗದ.

ಸಿಂಫನಿ ನುಡಿಸಿದ ಮರುವರ್ಷವೇ ಫರಾಂಕ್ ಗೆದ್ದ ಇನ್ನೊಂದು ಜಗಳವಿದೆ. 1842ರಿಂದಲೂ ಅವರ ಸಂಬಳ ಸಮಾನ ಹುದ್ದೆಯ ಗಂಡಸರಿಗಿಂತ ಕಡಿಮೆಯಿತ್ತು. ಅವರಂತೆಯೇ ಹೆಣ್ಣುಮಕ್ಕಳಿಗೆ ಪಿಯಾನೊ ಕಲಿಸುತ್ತಿದ್ದ, ಅವರಷ್ಟೇ ವರ್ಷ ಸೇವೆಯಾಗಿದ್ದ ಆನ್ರಿ ಹೆರ್ಜ್‌ಗೂ ಅವರಿಗಿಂತ ಹೆಚ್ಚು ಸಿಗುತ್ತಿತ್ತು. 1850ರ ಮಾರ್ಚ್ 19ರಂದು ಅವರ ನೊನೆಟ್ ಮೊದಲ ಸಲ ಕೇಳಿಬಂತು: ಪಿಟೀಲು, ವಿಯೋಲ, ಚೆಲ್ಲೊ, ಡಬಲ್ ಬಾಸ್, ಕೊಳಲು, ಓಬೊ, ಕ್ಲಾರಿನೆಟ್, ಬಸೂನ್, ಹಾರ್ನ್, ಹೀಗೆ ಒಂಬತ್ತು ವಾದ್ಯ. ಪಿಟೀಲು ಹಿಡಿದಿದ್ದವನು ಆಗಲೇ ಹೆಸರು ಮಾಡಿದ್ದ 18ರ ಯೋಸೆಫ್ ಯೋವಾಕಿಂ. ಕೃತಿ ಭಾರಿ ಯಶಸ್ಸು ಕಂಡಿತು. ಅದೇ ವರ್ಷ ಅವರು ಕನ್ಸರ್ವೇಟರಿಯ ನಿರ್ದೇಶಕ ಓಬೇರ್‌ಗೆ ಪತ್ರ ಬರೆದು ಗಂಡಸರಿಗೆ ಕೊಡುವಷ್ಟೇ ಸಂಬಳ ತಮಗೂ ಕೊಡಬೇಕೆಂದು ಕೇಳಿದರು. ಹಣದ ಮಾತು ಹಾಗಿರಲಿ, ಕಡಿಮೆ ಕೊಟ್ಟರೆ ನಾನು ಕೆಲಸದಲ್ಲಿ ಶ್ರದ್ಧೆ ತೋರಿಸಿಲ್ಲವೆಂದು ಜನ ತಿಳಿಯಬಹುದು ಎಂಬುದು ಅವರ ವಾದದ ತಿರುಳು. ಈ ವಾದ ಎಷ್ಟು ಜಾಣತನದ್ದು ನೋಡಿ: ಇಲ್ಲವೆನ್ನಬೇಕಾದರೆ ನಿರ್ದೇಶಕರು ಅವರ ಪಾಠದಲ್ಲಿ ಕೊರತೆ ತೋರಿಸಬೇಕು, ಹಾಗೆ ತೋರಿಸಲು ಏನೂ ಇರಲಿಲ್ಲ. ಸಂಬಳ ಸರಿಹೋಯಿತು. ಎಂಟು ವರ್ಷದ ತಾಳ್ಮೆ, ಹೊಸ ಕೃತಿಯ ಯಶಸ್ಸು, ಪತ್ರ ಬರೆದ ಹೊತ್ತು, ಮೂರೂ ಕೂಡಿಬಂದಿದ್ದವು.

ಆದರೆ ಆ ಯಶಸ್ಸೂ ನೊನೆಟ್‌ಗೆ ಅಚ್ಚು ತರಲಿಲ್ಲ. ಒಂದು ಸಂಸ್ಥೆಯ ಮುಖ್ಯಸ್ಥನನ್ನು ಪತ್ರದಿಂದ ಒಪ್ಪಿಸಬಹುದು. ನೂರು ತಗಡಿನ ಲೆಕ್ಕ ಹಾಕುವ ವ್ಯಾಪಾರಿಯನ್ನು ಒಪ್ಪಿಸುವುದು ಬೇರೆ.

ಅವರ ಒಬ್ಬಳೇ ಮಗಳು ವಿಕ್ತೊರೀನ್ ಹುಟ್ಟಿದ್ದು 1826ರಲ್ಲಿ. ತಾಯಿಯ ಬಳಿಯೇ ಕಲಿತು 1844ರಲ್ಲಿ ಕನ್ಸರ್ವೇಟರಿಯ ಪಿಯಾನೊ ಪ್ರಥಮ ಬಹುಮಾನ ಪಡೆದಳು. ಆಮೇಲೆ ದೀರ್ಘ ಕಾಯಿಲೆ, 1859ರ ಜನವರಿಯಲ್ಲಿ ಸಾವು. ಅಲ್ಲಿಗೆ ಫರಾಂಕ್ ಸಂಯೋಜನೆ ಹೆಚ್ಚುಕಡಿಮೆ ನಿಂತಿತು. ತಾಯಿಯ ಕೃತಿಗಳನ್ನು ಮುಂದಿನ ತಲೆಮಾರಿಗೆ ನುಡಿಸಿ ದಾಟಿಸಬಹುದಾಗಿದ್ದ ಕೈಯೂ ಅದೇ ಆಗಿತ್ತು.

ಗಂಡಹೆಂಡತಿ ಇಬ್ಬರೂ ದುಃಖವನ್ನು ಕೆಲಸಕ್ಕೆ ಹಚ್ಚಿದರು. ಪಿಯಾನೊ ಹುಟ್ಟುವುದಕ್ಕೂ ಮುಂಚಿನ ಹಾರ್ಪ್ಸಿಕಾರ್ಡ್ ಕಾಲದಿಂದ ತಮ್ಮ ಕಾಲದವರೆಗಿನ ಕೀಲಿಮಣೆ ಸಂಗೀತವನ್ನೆಲ್ಲ ಹುಡುಕಿ, ಹೋಲಿಸಿ, ತಿದ್ದಿ ಅಚ್ಚು ಹಾಕುವ ‘ಪಿಯಾನೊ ವಾದಕರ ನಿಧಿ’ ಎಂಬ ಮಾಲೆ 1861ರಲ್ಲಿ ಚಂದಾದಾರರ ಹಣದಿಂದ ಶುರುವಾಯಿತು. 1865ರಲ್ಲಿ ಆರಿಸ್ತಿದ್ ತೀರಿಕೊಂಡಾಗ ಬಹುಪಾಲು ಕೆಲಸ ಬಾಕಿಯಿತ್ತು. ಅರವತ್ತು ದಾಟಿದ ಫರಾಂಕ್, ಪಾಠವನ್ನೂ ಬಿಡದೆ, 1874ರವರೆಗೆ ಒಬ್ಬರೇ ಅದನ್ನು ನಡೆಸಿ 23 ಸಂಪುಟಕ್ಕೆ ಮುಟ್ಟಿಸಿದರು. ಹಳೆಯ ಸಂಗೀತದಲ್ಲಿ ಸ್ವರದ ಮೇಲೆ ಹಾಕಿದ ಚಿಕ್ಕ ಗುರುತುಗಳನ್ನು (ನಮ್ಮ ಗಮಕದಂತೆ ಅವೂ ಅಲಂಕಾರಗಳೇ) ಹೇಗೆ ನುಡಿಸಬೇಕೆಂಬುದು ಆ ಹೊತ್ತಿಗೆ ಬಹುಪಾಲು ಮರೆತುಹೋಗಿತ್ತು. ಅವರು ಅದನ್ನು ಬಿಡಿಸಿ ಬರೆದರು, ಶಿಷ್ಯೆಯರಿಂದ ಕಛೇರಿಗಳಲ್ಲಿ ನುಡಿಸಿ ತೋರಿಸಿದರು. ಫ್ರಾನ್ಸಿನ ಲಲಿತಕಲಾ ಅಕಾಡೆಮಿ ಅವರ ಚೇಂಬರ್ ಸಂಗೀತಕ್ಕೆ (ಕೆಲವೇ ವಾದ್ಯಗಳಿಗೆ ಬರೆದ ಕೃತಿಗಳಿಗೆ) 1861 ಮತ್ತು 1869ರಲ್ಲಿ, ಎರಡು ಸಲ, ಶಾರ್ತಿಯೇ ಪ್ರಶಸ್ತಿ ಕೊಟ್ಟಿತು.

ಅವರ ಬದುಕಿನಲ್ಲಿ ನಮಗೆ ಅತಿ ಹೆಚ್ಚು ಸಂಕಟ ತರುವುದು ಈ ಭಾಗವೇ. ಬೇರೆಯವರ ಸಂಗೀತ ಹಸ್ತಪ್ರತಿಯಲ್ಲಿ ಕೊಳೆಯಬಾರದೆಂದು 23 ಸಂಪುಟ ಅಚ್ಚು ಹಾಕಿದವರು ತಮ್ಮ ಮೂರು ಸಿಂಫನಿಗಳನ್ನು ಹಸ್ತಪ್ರತಿಯಲ್ಲೇ ಬಿಟ್ಟು, 1875ರ ಸೆಪ್ಟೆಂಬರ್ 15ರಂದು ತೀರಿಕೊಂಡರು. ಆಮೇಲೆ ನಡೆದದ್ದು ನೇರ. ಅಚ್ಚಾದ ಅಭ್ಯಾಸ ಪುಸ್ತಕಗಳಿದ್ದವು, ಹಾಗಾಗಿ ಅವರು ‘ಪಿಯಾನೊ ಶಿಕ್ಷಕಿ’ ಎಂದು ನೆನಪಿನಲ್ಲಿ ಉಳಿದರು. ಸಂಪುಟಗಳಿದ್ದವು, ‘ಸಂಪಾದಕಿ’ ಎಂದು ಉಳಿದರು. ಸಿಂಫನಿ ಬರೆದವರೆಂಬುದು ಸಂಗೀತಕೋಶಗಳಲ್ಲಿ ಒಂದು ಸಾಲಾಯಿತು.

1970ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಬಿಯಾ ಫ್ರೀಡ್‌ಲ್ಯಾಂಡ್ ಅವರ ಬದುಕು, ಕೃತಿಗಳನ್ನು ಮೊದಲ ಬಾರಿಗೆ ಪೂರ್ಣವಾಗಿ ಅಧ್ಯಯನ ಮಾಡಿದರು. 1990ರ ದಶಕದ ಕೊನೆಯಿಂದ ಜರ್ಮನಿಯಲ್ಲಿ, ಫ್ರೈಯಾ ಹೋಫ್‌ಮನ್ ಮತ್ತು ಸಂಗಡಿಗರ ಸಂಪಾದಕತ್ವದಲ್ಲಿ, ವಿಲ್‌ಹೆಲ್ಮ್ಸ್‌ಹಾಫೆನ್‌ನ ನೋಟ್ಸೆಲ್ ಪ್ರಕಾಶನ ವಾದ್ಯವೃಂದ ಮತ್ತು ಚೇಂಬರ್ ಕೃತಿಗಳ ಪರಿಷ್ಕೃತ ಆವೃತ್ತಿ ತಂದಿತು. ಅದರ ಬೆನ್ನಿಗೇ ಹ್ಯಾನೋವರ್ ರೇಡಿಯೊ ವಾದ್ಯವೃಂದ ಸಿಂಫನಿಗಳನ್ನು ಧ್ವನಿಮುದ್ರಿಸಿತು. ಈಚೆಗೆ ಪ್ಯಾರಿಸ್ಸಿನ ಇನ್ಸುಲಾ ಆರ್ಕೆಸ್ಟ್ರಾ ಆ ಕಾಲದ ವಾದ್ಯಗಳಲ್ಲೇ ನುಡಿಸಿದೆ. ಕ್ರಮ ಗಮನಿಸಿ: ಮೊದಲು ಅಧ್ಯಯನ, ಆಮೇಲೆ ಅಚ್ಚು, ಅದಾದ ಮೇಲೆ ನಾದ.

ಮೊದಲ ಸಲ ಕೇಳುವವರು ಮೂರನೆಯ ಸಿಂಫನಿಯಿಂದಲೇ ಆರಂಭಿಸಬಹುದು. ಒಂಟಿ ಓಬೊ ದನಿಯೆತ್ತುತ್ತದೆ, ಉಳಿದ ಊದುವ ವಾದ್ಯಗಳು ಒಂದೊಂದಾಗಿ ಕೂಡಿಕೊಳ್ಳುತ್ತವೆ. ಚಿಕ್ಕ ಪೀಠಿಕೆ ಮುಗಿದು ತಂತಿವಾದ್ಯಗಳ ತ್ವರಿತಗತಿ ಹಿಡಿಯುವವರೆಗೆ ಗಮನವಿಟ್ಟು ಕೇಳಿ. ಎರಡನೆಯ ಭಾಗ ತೆರೆದುಕೊಳ್ಳುವುದು ಕ್ಲಾರಿನೆಟ್ಟಿನ ನಿಧಾನದ ಹಾಡಿನಿಂದ; ಹಿಂದೆ ಹಾರ್ನ್, ಬಸೂನ್, ಟಿಂಪನಿಯ ಮೆಲುದನಿ ಮಾತ್ರ. ಇಲ್ಲಿ ಟಿಂಪನಿ ಜೋರಾದರೆ ಇಡೀ ಹಾಡು ಕೆಡುತ್ತದೆ, ಒಳ್ಳೆಯ ಧ್ವನಿಮುದ್ರಣವನ್ನು ಗುರುತಿಸಲು ಇದೊಂದೇ ಜಾಗ ಸಾಕು. ನುಡಿಸುವವರಿಗೆ, ವಾದಕರು ಕಡಿಮೆಯಿದ್ದರೆ, ಎ ಮೈನರ್‌ನ ಪಿಯಾನೊ ಕ್ವಿಂಟೆಟ್ (ಕೃತಿ ಸಂಖ್ಯೆ 30) ಒಳ್ಳೆಯ ಆಯ್ಕೆ. ಪಿಯಾನೊ, ಪಿಟೀಲು, ವಿಯೋಲ, ಚೆಲ್ಲೊ, ಡಬಲ್ ಬಾಸ್: ಶೂಬರ್ಟ್‌ನ ‘ಟ್ರೌಟ್’ ಕ್ವಿಂಟೆಟ್‌ಗೆ ಬೇಕಾದ ಅದೇ ಐದು ವಾದ್ಯ. ‘ಟ್ರೌಟ್’ಗೆಂದು ಡಬಲ್ ಬಾಸ್ ವಾದಕರನ್ನು ಕರೆಸಿದ ತಂಡ ಅದೇ ಸಂಜೆ ಇದನ್ನೂ ನುಡಿಸಬಹುದು. ಪಿಯಾನೊ ಭಾಗ ಕಷ್ಟದ್ದು, ಅಭ್ಯಾಸಕ್ಕೆ ಹೆಚ್ಚು ದಿನ ಇಟ್ಟುಕೊಳ್ಳಬೇಕು. ಸಂಯೋಜಕಿ ತೀರಿಕೊಂಡು ಒಂದೂವರೆ ಶತಮಾನವಾಗಿರುವುದರಿಂದ ಹತ್ತೊಂಬತ್ತನೆಯ ಶತಮಾನದ ಮೂಲ ಅಚ್ಚುಗಳಿಗೆ ಹಕ್ಕುಸ್ವಾಮ್ಯವಿಲ್ಲ. ಸಿಂಫನಿಯ ಹೊಸ ಪರಿಷ್ಕೃತ ಆವೃತ್ತಿಯ ಮಾತು ಬೇರೆ, ಅದರ ಬಿಡಿ ಪ್ರತಿಗಳಿಗೆ ಪ್ರಕಾಶಕರನ್ನೇ ಕೇಳಬೇಕು. ಕಟ್ಟು ಕೈಗೆ ಬಂದ ದಿನವೇ ತಂತಿವಾದ್ಯದ ಪ್ರತಿಗಳು ನಿಮ್ಮ ಸ್ಟ್ಯಾಂಡುಗಳ ಲೆಕ್ಕಕ್ಕೆ ಸಾಲುತ್ತವೆಯೇ ಎಂದು ಎಣಿಸಿ ನೋಡಿ.